ನೆಲ ಎಡಕ್ಕೆ, ನೀರು ಬಲಕ್ಕೆ

ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಶಾಗಲಾ ಊರು ಮುಳುಗಿಹೋಗಿತ್ತು.

ಕುನ್‌ಸುಲು ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದಳು. ಸಾಲುಮನೆಗಳು, ಶಾಲೆ, ಅವಳು ನರ್ಸ್ ಆಗಿ ಕೆಲಸ ಮಾಡುವ ದವಾಖಾನೆ, ದಿಬ್ಬದ ಮೇಲಿನ ಗೋರಿಗಳು, ನಕ್ಷೆಯಲ್ಲಿ ಎಲ್ಲದರ ಮೇಲೂ ಒಂದೇ ಸಮನೆ ತಿಳಿನೀಲಿ. ಕ್ಯಾಸ್ಪಿಯನ್ ಕಡಲು ಇರಬೇಕಾದಲ್ಲಿ ಮಾತ್ರ ಒಣನೆಲದ ಬಣ್ಣ. ಕಿಟಕಿಯಾಚೆ ಪಕ್ಕದ ಮನೆಯ ಒಂಟೆ ಎಂದಿನಂತೆ ಬೇಲಿಗೆ ಮೈ ಉಜ್ಜುತ್ತ ನಿಂತಿತ್ತು.

"ಅತ್ತಿಗೆ, ನಾವು ಮುಳುಗಿಹೋದ್ವಿ."

ಹಿಟ್ಟು ನಾದುತ್ತಿದ್ದ ಬಲ್‌ಜಾನ್ ತಲೆ ಎತ್ತಲಿಲ್ಲ. "ಹಾಗಾದ್ರೆ ಇವತ್ತು ಬಟ್ಟೆ ಒಗೆಯೋ ಕೆಲಸ ಉಳೀತು ಬಿಡು."

"ತಮಾಷೆ ಅಲ್ಲ. ನಾನು ಎಳೆದ ಗೆರೆಯಿಂದಾನೇ ಹೀಗಾಗಿದೆ."

ಆ ಗೆರೆಗಾಗಿ ಅವಳು ಫೋನ್ ಹಿಡಿದು ತೀರದುದ್ದಕ್ಕೂ ನಡೆಯುತ್ತ ಇಡೀ ಬೇಸಿಗೆಯ ಭಾನುವಾರಗಳನ್ನು ಸವೆಸಿದ್ದಳು. ಯಾರು ಬೇಕಾದರೂ ತಿದ್ದಬಹುದಾದ, ಯಾರು ಬೇಕಾದರೂ ಬಳಸಬಹುದಾದ ನಕ್ಷೆ ಅದು. ಅದರಲ್ಲಿ ಶಾಗಲಾದ ತೀರವನ್ನು ಯಾರೋ ಬಹಳ ಹಿಂದೆ ಎಳೆದಿದ್ದರು. ಅಲ್ಲಿಂದೀಚೆಗೆ ಕಡಲು ಹಿಂದಕ್ಕೆ ಸರಿದಿತ್ತು, ಸರಿಯುತ್ತಲೇ ಇತ್ತು. ಗೆರೆ ಮಾತ್ರ ಊರಿನ ಹಿತ್ತಲಲ್ಲೇ ಕೂತಿತ್ತು.

ಕಳೆದ ವರ್ಷ ಚಳಿ ಶುರುವಾಗುವ ಹೊತ್ತಿಗೆ ಅವಳ ಅಣ್ಣ ಕುವಾಂದಿಕ್ ಮೀನಿಗೆ ಹೋದವನು ಕೆಸರಿನಲ್ಲಿ ಸಿಕ್ಕಿಬಿದ್ದ. ಜಿಲ್ಲೆಯ ರಕ್ಷಣಾ ದಳದವರ ಕೈಯಲ್ಲಿದ್ದದ್ದು ಇದೇ ನಕ್ಷೆ. ಅವನಿದ್ದ ಜಾಗ ಅದರಲ್ಲಿ ನೀಲಿಯಾಗಿತ್ತು, ಹಾಗಾಗಿ ಅವರು ದೋಣಿ ಕಳಿಸಿದರು. ದೋಣಿ ನೀರೇ ಇಲ್ಲದ ಕಡೆ ಹೂತು ನಿಂತಿತು. ಕುವಾಂದಿಕ್ ಬದುಕಿ ಬಂದ, ಬಲಗಾಲಿನ ಬೆರಳುಗಳು ಬರಲಿಲ್ಲ. ಚಳಿಗೆ ಸೆಟೆದು ಕಪ್ಪಾದ ಆ ಪಾದವನ್ನು ಮಡಿಲಲ್ಲಿಟ್ಟುಕೊಂಡು ಪಟ್ಟಿ ಕಟ್ಟಿದವಳು ಕುನ್‌ಸುಲುವೇ. ಅಂದೇ ಅವಳು ಮನಸ್ಸಿನಲ್ಲಿ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದಳು: ಮುಂದಿನ ಚಳಿಗೆ ಮೊದಲು ಈ ಗೆರೆ ಸರಿಯಬೇಕು.

ಮಧ್ಯಾಹ್ನದ ಹೊತ್ತಿಗೆ ನೀಲಿ ಮಾಯವಾಯಿತು. ಅವಳ ಗೆರೆಯೂ ಮಾಯವಾಗಿತ್ತು. ಹಳೆಯ ತೀರ ಹಿತ್ತಲಿಗೆ ವಾಪಸು ಬಂದು ಕೂತಿತ್ತು. ಜೊತೆಗೆ 'ಬೂದು ಕೊಕ್ಕರೆ' ಎಂಬ ಹೆಸರಿನಲ್ಲೊಂದು ಸಂದೇಶ: "ತೀರದ ಗೆರೆ ಆಟದ ಸಾಮಾನಲ್ಲ. ನಿಮ್ಮ ತಿದ್ದುಪಡಿ ತೆಗೆದಿದ್ದೇನೆ. ಮೊದಲು ಕಲಿಯಿರಿ."

ಕುನ್‌ಸುಲುವಿನ ಕಿವಿ ಕೆಂಪಾಯಿತು. ಎಲ್ಲೋ ದೊಡ್ಡ ಊರಿನಲ್ಲಿ, ಬೆಚ್ಚಗಿನ ಕೋಣೆಯಲ್ಲಿ ಕೂತು, ಕಡಲನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ ಯಾವನೋ ಇರಬೇಕು! ಅವಳು ನಿಂತಲ್ಲೇ ಉತ್ತರ ಬರೆದಳು: "ಕೊಕ್ಕರೆಯವರೇ, ನಿಮ್ಮ ಆ ಪ್ರೀತಿಯ ಗೆರೆ ಇರುವಲ್ಲಿಗೆ ಒಂದು ಖಾಲಿ ಬಾಟಲಿ ತನ್ನಿ. ಅದರ ತುಂಬ ಕಡಲ ನೀರು ಹಿಡಿದು ತೋರಿಸಿ. ಆಮೇಲೆ ನಾನು ಕಲಿಯುತ್ತೇನೆ."

ಉತ್ತರ ಬರಲಿಲ್ಲ.

*

ಬಂದದ್ದು ಕೊಕ್ಕರೆಯೇ.

ಮುಂದಿನ ವಾರ ಅಂಗಳದಲ್ಲಿ ಧೂಳು ಮೆತ್ತಿದ ಬಾಡಿಗೆ ಕಾರು ನಿಂತಿತು. ಇಳಿದವನು ಉದ್ದನೆಯ ಮನುಷ್ಯ. ಬೂದು ಜಾಕೆಟ್ಟು, ಬಿಸಿಲಿಗೆ ಒಡೆದ ತುಟಿ, ಕಣ್ಣಿನ ಸುತ್ತ ಸಮುದ್ರ ನೋಡಿ ನೋಡಿ ಬಿದ್ದ ಗೆರೆಗಳು. ಬಾಗಿಲಲ್ಲಿ ನಿಂತ ಕುನ್‌ಸುಲುವಿನ ಮುಂದೆ ಒಂದು ಬಾಟಲಿ ಹಿಡಿದ. ಅದರೊಳಗೆ ಅರ್ಧದವರೆಗೆ ಬಿಳಿ ಧೂಳು, ಒಂದಷ್ಟು ಚಿಪ್ಪು, ಒಣಗಿದ ಮುಳ್ಳುಗಿಡದ ಕಡ್ಡಿ.

"ನೀರು ಸಿಗಲಿಲ್ಲ," ಎಂದ. "ನಾನು ನರ್ತಾಯ್. ಅಕ್ತಾವ್ ಬಂದರಿನಲ್ಲಿ ಕಡಲಿನ ಆಳ ಅಳೆಯೋ ಕೆಲಸ. ನಕ್ಷೆ ತಿದ್ದೋರ ಮನೆ ಯಾವುದು ಅಂತ ಕೇಳಿದ್ರೆ ಊರೋರು ಇಲ್ಲಿಗೆ ಕಳಿಸಿದ್ರು. ನೀವು... 'ಶಾಗಲಾದ ಹಕ್ಕಿ' ಅಂತ ಬರೀತಿದ್ದದ್ದು ನೀವೇನಾ? ನಾನು ಯಾರೋ ಸ್ಕೂಲ್ ಹುಡುಗರು ಅಂದ್ಕೊಂಡಿದ್ದೆ."

"ನಾನು ನಿಮ್ಮನ್ನ ಕ್ಯಾಲೆಂಡರ್ ನೋಡೋರು ಅಂದ್ಕೊಂಡಿದ್ದೆ."

"ಯಾವ ಕ್ಯಾಲೆಂಡರ್?"

"ಒಳಗೆ ಬನ್ನಿ," ಎಂದಳು.

ಸಿಟ್ಟು ಇನ್ನೂ ಆರಿರಲಿಲ್ಲ. ಅವನು ಮೇಜಿನ ಮುಂದೆ ಕೂತಾಗ ಅವಳು ಹಾಲು ಹಾಕಿದ ಚಹಾವನ್ನು ಪಿಯಾಲೆ ಬಟ್ಟಲಿನ ಅಂಚಿನವರೆಗೆ, ಇನ್ನೊಂದು ಹನಿ ಬಿದ್ದರೆ ಚೆಲ್ಲುವಷ್ಟು, ತುಂಬಿ ಇಟ್ಟಳು. ಬಲ್‌ಜಾನ್‌ಳ ಹುಬ್ಬು ಮೇಲೇರಿತು.

"ಏನೇ ಇದು!" ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು. "ತುಂಬಿದ ಪಿಯಾಲೆ ಅಂದ್ರೆ 'ಕುಡಿದು ಎದ್ದು ಹೋಗು' ಅಂತ. ಅಷ್ಟು ದೂರದಿಂದ ಬಂದಿದಾನೆ, ನೋಡೋಕೂ ಪರವಾಗಿಲ್ಲ..."

"ಅವನಿಗೆ ಅರ್ಥ ಆಗ್ಲಿ ಅಂತಾನೇ ಹಾಕಿದ್ದು."

ಅವನಿಗೆ ಅರ್ಥವಾಗಿತ್ತು. ಪಿಯಾಲೆಯನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ಬೆರಳು ಸುಟ್ಟರೂ ಒಂದು ಹನಿ ಚೆಲ್ಲದಂತೆ ಎತ್ತಿ, ನಿಧಾನವಾಗಿ ಪೂರ್ತಿ ಕುಡಿದು, ಖಾಲಿ ಪಿಯಾಲೆಯನ್ನು ಮತ್ತೆ ಅವಳ ಕಡೆಗೇ ಚಾಚಿದ.

ಕುವಾಂದಿಕ್ ಗೋಡೆಗೊರಗಿ ಜೋರಾಗಿ ನಕ್ಕುಬಿಟ್ಟ. "ಕೂತ್ಕೋ ತಮ್ಮಾ, ಇವತ್ತು ಇಲ್ಲೇ ಉಳಿಯೋದು ನೀನು. ಯಾವ ಕುಲ?"

ನರ್ತಾಯ್ ಹೇಳಿದ. ಬಲ್‌ಜಾನ್ ಬೆರಳು ಮಡಿಸಿ ಎರಡು ಮನೆತನಗಳ ಹಿರಿಯರನ್ನು ಮನಸ್ಸಿನಲ್ಲೇ ಎಣಿಸಿದಳು. ಏಳು ತಲೆಮಾರಿನೊಳಗೆ ಎಲ್ಲಿಯೂ ನಂಟಿಲ್ಲ, ಅಂದರೆ ಮದುವೆಗೆ ಅಡ್ಡಿಯಿಲ್ಲ. ನಾದಿನಿಯ ಕಡೆ ತಿರುಗಿ ಅವಳು ನಕ್ಕ ನಗೆಗೆ ಕುನ್‌ಸುಲು ಮುಖ ಗಂಟಿಕ್ಕಿದಳು.

*

"ನಿಮ್ಮ ಗೆರೆ ಇರೋ ಜಾಗ ಸರಿ," ಲ್ಯಾಪ್‌ಟಾಪ್ ತೆರೆದು ನರ್ತಾಯ್ ಹೇಳಿದ. "ದಿಕ್ಕು ತಪ್ಪು."

"ಗೆರೆಗೆ ಎಂಥ ದಿಕ್ಕು?"

"ತೀರದ ಗೆರೆಗೆ ಇದೆ. ಎಳೆದ ದಿಕ್ಕಲ್ಲಿ ನಡ್ಕೊಂಡು ಹೋದ್ರೆ ನೆಲ ಎಡಕ್ಕಿರಬೇಕು, ನೀರು ಬಲಕ್ಕೆ. ನೀಲಿ ಯಾವ ಕಡೆ ತುಂಬಬೇಕು ಅಂತ ಯಂತ್ರಕ್ಕೆ ಗೊತ್ತಾಗೋದು ಅದರಿಂದ ಮಾತ್ರ. ನೀವು ತಿರುಗಿಸಿ ಎಳೆದಿದ್ರಿ. ಅದಕ್ಕೇ ಊರು ಮುಳುಗಿತು, ಕಡಲು ಒಣಗಿತು. ಎಲ್ಲರೂ ಪೂರ್ವಕ್ಕೆ ನಡೀತಾರೆ, ನೀವು ಪಶ್ಚಿಮಕ್ಕೆ ನಡೆದಿದೀರಿ. ಯಾಕೆ?"

ಶಾಗಲಾದಲ್ಲಿ ಹೆಂಗಸರು ತೀರದ ಮೇಲೆ ನಡೆಯುವುದು ಒಂದೇ ದಿಕ್ಕಿಗೆ. ಕಡಲನ್ನು ಎಡಕ್ಕೆ, ಹೃದಯದ ಕಡೆಗೆ ಇಟ್ಟುಕೊಂಡು. ಗಂಡನೋ ಅಣ್ಣನೋ ನೀರಿನ ಮೇಲಿರುವಾಗ ಹೃದಯ ಆ ಕಡೆಗಿರಬೇಕು. ಹಿಂದಿರುಗುವಾಗ ಜೊಂಡಿನ ಹಿಂದಿನ ದಾರಿಯಿಂದ ಬರಬೇಕು. ಅವಳ ಅಮ್ಮ ಹಾಗೇ ನಡೆದಿದ್ದಳು, ಅಜ್ಜಿಯೂ. ಅದು ಯೋಚಿಸಿ ಮಾಡುವ ಕೆಲಸವಾಗಿರಲಿಲ್ಲ, ಬಲಗೈಯಲ್ಲಿ ತುತ್ತು ಎತ್ತಿದ ಹಾಗೆ.

ಅದನ್ನು ಹೇಳಿದಾಗ ಅವನು ನಗುತ್ತಾನೆ ಎಂದು ಕಾದಳು. ಅವನು ನಗಲಿಲ್ಲ. ಲ್ಯಾಪ್‌ಟಾಪಿನ ಮುಚ್ಚಳವನ್ನು ಅರ್ಧ ಮಡಚಿ, "ಹೃದಯದ ಕಡೆಗೆ," ಎಂದು ತನಗೆ ತಾನೇ ಹೇಳಿಕೊಂಡ. "ನಾನು ಇಷ್ಟು ವರ್ಷ ಕಡಲು ಅಳೆದಿದೀನಿ. ಇದನ್ನ ಯಾರೂ ಹೇಳಿರಲಿಲ್ಲ."

ಆ ಕ್ಷಣ ಅವಳಿಗೆ ಅವನ ಒಡೆದ ತುಟಿಗೆ ಕುರಿಕೊಬ್ಬು ಹಚ್ಚಬೇಕು ಎನ್ನಿಸಿತು. ನರ್ಸ್ ಆದವಳಿಗೆ ಹಾಗೆ ಅನ್ನಿಸುವುದು ಸಹಜ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

"ಆದ್ರೆ ಇನ್ನೊಂದು ತಪ್ಪಿದೆ," ಅವನು ಮುಂದುವರಿಸಿದ. "ನೀವು ನೀಲಿ ತೆಗೆದು ಪೂರ್ತಿ ಒಣನೆಲ ಮಾಡಿದೀರಿ. ಆಗ ದಳದವರು ದೋಣಿ ಬದಲು ಟ್ರಕ್ ಕಳಿಸ್ತಾರೆ."

"ಟ್ರಕ್ಕೂ ಮುಳುಗುತ್ತೆ," ಎಂದ ಕುವಾಂದಿಕ್ ತನ್ನ ಮೊಂಡುಪಾದ ಸವರಿಕೊಳ್ಳುತ್ತ. "ಅಲ್ಲಿ ನೀರೂ ಇಲ್ಲ, ನೆಲವೂ ಇಲ್ಲ. ತೊಡೆ ತನಕ ಕೆಸರು. ಅಲ್ಲಿಗೆ ಸರಪಳಿ ಚಕ್ರದ ಗಾಡೀನೇ ಬರಬೇಕು. ದಳದವರ ಹತ್ರ ಒಂದಿದೆ, ಶೆಡ್ಡಲ್ಲಿ ನಿಂತು ತುಕ್ಕು ಹಿಡೀತಿದೆ."

"ಅದೇ. ಗೆರೆ ನೀರಿನ ಅಂಚಿಗೆ ಇರಲಿ. ಒಣನೆಲಕ್ಕೂ ನೀರಿಗೂ ನಡುವೆ ಇರೋದನ್ನ ಕೆಸರು ಅಂತಾನೇ ಬೇರೆ ಬಣ್ಣದಲ್ಲಿ ಗುರುತು ಮಾಡೋಣ. ನಕ್ಷೇಲಿ ಕೆಸರಿಗೂ ಒಂದು ಜಾಗ ಇದೆ."

"ನೀರಿನ ಅಂಚು ಅಂದ್ರೆ ಯಾವತ್ತಿನ ಅಂಚು?" ಕುನ್‌ಸುಲು ಪಟ್ಟು ಬಿಡಲಿಲ್ಲ. "ದಕ್ಷಿಣದ ಗಾಳಿ ಬೀಸಿದ್ರೆ ಕಡಲು ಊರ ಹತ್ರ ಬರುತ್ತೆ. ಉತ್ತರದ ಗಾಳಿ ಬಂದ್ರೆ ಕಣ್ಣಿಗೇ ಕಾಣಲ್ಲ."

"ಗಾಳಿ ನಿಲ್ಲಲಿ. ಗಾಳಿ ನಿಂತು ಕೆಲವು ದಿನ ಆದ್ಮೇಲೆ ಕಡಲು ತಾನಾಗೇ ಎಲ್ಲಿ ಮಲಗುತ್ತೋ ಅದು ಅಂಚು."

"ಅಲ್ಲೀವರೆಗೂ ನೀವು?"

"ರಜೆ ಹಾಕಿದೀನಿ," ಎಂದ ನರ್ತಾಯ್, ಚಹಾದ ಕೆಟಲನ್ನು ನೋಡುತ್ತ. "ಇನ್ನೊಂದು ಪಿಯಾಲೆ ತುಂಬಿಸಿದ್ರೂ ಹೋಗಲ್ಲ."

*

ಗಾಳಿ ಅಷ್ಟು ಸುಲಭಕ್ಕೆ ನಿಲ್ಲಲಿಲ್ಲ. ಅವಳಿಗೆ ಆತುರ. ಮೀನಿನ ಕಾಲ ಶುರುವಾಗುವ ಮುಂಚೆ ದಳದವರು ಆ ಚಳಿಗಾಲದ ನಕ್ಷೆಯನ್ನು ತಮ್ಮ ಸಾಧನಗಳಿಗೆ ಒಮ್ಮೆ ತುಂಬಿಕೊಳ್ಳುತ್ತಾರೆ. ಅದು ತಪ್ಪಿದರೆ ಮುಂದಿನ ವರ್ಷವೇ.

ನರ್ತಾಯ್ ಹೊರಕೋಣೆಯಲ್ಲಿ ಉಳಿದ. ಕುವಾಂದಿಕ್ ಜೊತೆ ಬಲೆ ಹೊಲಿದ, ಬಲ್‌ಜಾನ್‌ಗೆ ಒಣಮೀನು ಕಟ್ಟಿ ತೂಗುಹಾಕಿಕೊಟ್ಟ. ಅವನ ಅಮ್ಮ ಸಂಜೆ ಸಂಜೆ ಫೋನ್ ಮಾಡುತ್ತಿದ್ದಳು. ಸ್ಪೀಕರ್ ಇಲ್ಲದಿದ್ದರೂ ಆಕೆಯ ದನಿ ಅಂಗಳ ದಾಟುತ್ತಿತ್ತು: "ನಲವತ್ತು ದಾಟಿತು ನಿನಗೆ! ಸಮುದ್ರದ ಆಳ ಅಳೆದಿದ್ದು ಸಾಕು, ಸೊಸೆ ಎಲ್ಲಿ?" ಅವನು "ಅಮ್ಮಾ, ಸಿಗ್ನಲ್ ಇಲ್ಲ, ಸಿಗ್ನಲ್ ಇಲ್ಲ," ಎನ್ನುತ್ತ ಒಂಟೆಯ ಹಿಂದೆ ಅಡಗುತ್ತಿದ್ದ. ಬಟ್ಟೆ ಹರವುತ್ತಿದ್ದ ಕುನ್‌ಸುಲು ಹಗ್ಗದ ಮೇಲಿನ ಹೊದಿಕೆಯ ಹಿಂದೆ ನಗುತ್ತಿದ್ದಳು. ಒಂದು ದಿನ ಗಾಳಿ ಹೊದಿಕೆಯನ್ನು ಎತ್ತಿತು. ಅವಳ ನಗು ಅಲ್ಲಿಯೇ ಸಿಕ್ಕಿಬಿತ್ತು. ಅವನೂ ಫೋನನ್ನು ಕಿವಿಗಿಟ್ಟುಕೊಂಡು ಹಾಗೆಯೇ ನಿಂತುಬಿಟ್ಟ.

"ಹಲೋ? ಹಲೋ? ಸತ್ತೆಯೇನೋ?" ಎನ್ನುತ್ತಿತ್ತು ಫೋನು.

ಕೊನೆಗೂ ಗಾಳಿ ನಿಂತಿತು. ಜೊಂಡು ಅಲ್ಲಾಡುವುದನ್ನು ಮರೆಯಿತು. ಕಡಲು ತನ್ನ ಜಾಗದಲ್ಲಿ ಮಲಗಿತು.

"ನಾನು ಪಶ್ಚಿಮದಿಂದ ಶುರು ಮಾಡ್ತೀನಿ, ನಕ್ಷೆಯ ಪ್ರಕಾರ, ನೆಲ ಎಡಕ್ಕೆ," ಎಂದ ನರ್ತಾಯ್. "ನೀವು ಪೂರ್ವದಿಂದ ಬನ್ನಿ. ನಿಮ್ಮ ಅಮ್ಮನ ಪ್ರಕಾರ."

"ನನ್ನ ಅರ್ಧ ತಿರುಗಾಮುರುಗಾ ಆಗುತ್ತಲ್ಲ?"

"ತಿರುಗಿಸೋಕೆ ಒಂದು ಗುಂಡಿ ಒತ್ತಿದ್ರೆ ಸಾಕು. ನೀವು ನಡೆಯೋ ರೀತಿ ಯಾಕೆ ಬದಲಾಯಿಸಬೇಕು?"

ಕುವಾಂದಿಕ್ ತನ್ನ ಹಳೆಯ ನೀವಾ ಕಾರಿನಲ್ಲಿ ಅವಳನ್ನು ಪೂರ್ವದ ತುದಿಯಲ್ಲಿ ಇಳಿಸಿ, ಅವನನ್ನು ಪಶ್ಚಿಮಕ್ಕೆ ಕರೆದೊಯ್ದ.

ಅವಳು ನಡೆದಳು. ಎಡಕ್ಕೆ ಕಡಲು, ಬೆಳ್ಳಗೆ, ಸದ್ದಿಲ್ಲದೆ. ಬೂಟು ಹೂಳುತ್ತಿತ್ತು, ಕಿತ್ತು ಮುಂದಿಡುತ್ತಿದ್ದಳು. ಕೈಯಲ್ಲಿದ್ದ ಫೋನು ಹೆಜ್ಜೆಯ ಜಾಡನ್ನು ಗೆರೆಯಾಗಿ ಹಿಡಿದಿಡುತ್ತಿತ್ತು.

ನಡೆಯುವಾಗ ಬಿಟ್ಟುಬಂದ ಗಂಡನ ನೆನಪಾಯಿತು. ಕೆಟ್ಟವನಲ್ಲ ಅವನು. ಆದರೆ ಆ ಮನೆಯಲ್ಲಿ ನೀರು ಹಿಂದೆ ಸರಿಯುತ್ತಿದೆ ಎಂದು ಅವಳು ಎಷ್ಟು ಸಲ ಹೇಳಿದರೂ ಅವನು ಒಪ್ಪಿರಲಿಲ್ಲ. "ಎಲ್ಲ ಸರಿಯಾಗೇ ಇದೆಯಲ್ಲ," ಎನ್ನುತ್ತಿದ್ದ, ಹಳೆಯ ನಕ್ಷೆ ಕೈಯಲ್ಲಿ ಹಿಡಿದವನ ಹಾಗೆ. ಕೊನೆಗೆ ಬಾಯಿಬಿಟ್ಟು ಹೇಳಿದವಳು ತಾನು, ಮನೆ ಮುರಿದವಳು ಎನ್ನಿಸಿಕೊಂಡವಳೂ ತಾನು. ಇರುವುದನ್ನು ಇರುವ ಹಾಗೆ ಗುರುತಿಸುವುದು ಹೆಣ್ಣಿಗೆ ಯಾಕಿಷ್ಟು ದುಬಾರಿ? ಈಗ ಯಾರೋ ಒಬ್ಬ ಖಾಲಿ ಬಾಟಲಿ ಹಿಡಿದು, ಅಷ್ಟು ದೂರದಿಂದ, ನೀರು ಇದೆಯೋ ಇಲ್ಲವೋ ನೋಡಲೆಂದೇ ಬಂದಿದ್ದಾನೆ. ಬಂದು, "ಸಿಗಲಿಲ್ಲ" ಎಂದು ಒಪ್ಪಿಕೊಂಡಿದ್ದಾನೆ. ಅಷ್ಟಕ್ಕೇ ಅವಳ ಕಣ್ಣು ತುಂಬಿತು. ಯಾರೂ ಇರಲಿಲ್ಲವಾದ್ದರಿಂದ ಒರೆಸಿಕೊಳ್ಳಲೂ ಇಲ್ಲ.

ದೂರದಲ್ಲಿ ಒಂದು ಕಡ್ಡಿಯಷ್ಟು ಉದ್ದದ ನೆರಳು ಕಂಡಿತು. ಅದು ಕೊಕ್ಕರೆಯಾಗಿ, ಮನುಷ್ಯನಾಗಿ, ನರ್ತಾಯ್ ಆಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ತೊಡೆಯವರೆಗೂ ಕೆಸರು ಮೆತ್ತಿಕೊಂಡು, ಟೋಪಿ ಕಳೆದುಕೊಂಡು ಬರುತ್ತಿದ್ದ. ಒಬ್ಬರನ್ನೊಬ್ಬರು ಮುಟ್ಟಬಹುದಾದಷ್ಟು ದೂರದಲ್ಲಿ ಇಬ್ಬರೂ ನಿಂತರು.

"ಇಷ್ಟು ಸಾಕಲ್ಲ?" ಎಂದಳು, ಏದುಸಿರಿನಲ್ಲಿ. "ಒಂದು ಮೊಳ ಅಂತರ."

"ಒಂದು ಗೇಣು ಬಿಟ್ರೂ ಯಂತ್ರಕ್ಕೆ ಅದು ತೆರೆದ ಬಾಗಿಲೇ. ಕಡಲು ಒಳಗೆ ನುಗ್ಗುತ್ತೆ."

"ಪಕ್ಕಪಕ್ಕ ಬಂದ್ರೆ?"

"ಪಕ್ಕಪಕ್ಕ ಬಂದ್ರೂ ಸಾಲದು. ನಿಮ್ಮ ಕೊನೇ ಬಿಂದು, ನನ್ನ ಕೊನೇ ಬಿಂದು ಒಂದರ ಮೇಲೊಂದು ಕೂತಿದ್ರೂ ಎರಡು ಬಿಂದು ಎರಡೇ. ನೋಡೋಕೆ ಸೇರಿದ ಹಾಗಿರುತ್ತೆ, ಸೇರಿರಲ್ಲ. ಎರಡನ್ನೂ ಒಂದೇ ಮಾಡಬೇಕು."

ಅವನ ದನಿ ಕೊನೆಗೆ ಸ್ವಲ್ಪ ಅಲುಗಿತು. ಪಾಠ ಹೇಳುತ್ತಿದ್ದೇನೆ ಎಂದುಕೊಂಡು ಶುರು ಮಾಡಿದವನಿಗೆ ನಡುವೆ ತಾನು ಹೇಳುತ್ತಿರುವುದು ಬೇರೆಯೇ ಏನೋ ಎಂದು ಹೊಳೆದಿತ್ತು. ಕಿವಿಯವರೆಗೂ ಕೆಂಪಾದ.

"ಹಾಗಾದ್ರೆ ಬನ್ನಿ," ಎಂದಳು ಕುನ್‌ಸುಲು.

"ನೀವೇ ಬನ್ನಿ. ನನ್ನ ಬೂಟು ಹೂತುಹೋಗಿದೆ."

"ನಂದೂ."

ಇಬ್ಬರೂ ನಕ್ಕರು. ನಗುತ್ತಲೇ ಅವನು ಮುಂದಕ್ಕೆ ಬಾಗಿ ಕೈ ಚಾಚಿದ. ಅವಳು ಹಿಡಿದಳು. ಬೂಟು ಅಲ್ಲಿಯೇ ಉಳಿದು ಬರಿಗಾಲು ಮಾತ್ರ ಮುಂದೆ ಬಂದಿತು. ಎರಡು ಫೋನುಗಳನ್ನೂ ಒಂದಕ್ಕೊಂದು ಆನಿಸಿ ಹಿಡಿದು ಕೊನೆಯ ಬಿಂದು ಹಾಕಿದರು. ಬಿಂದು ಹಾಕಿ ಮುಗಿದ ಮೇಲೂ ಸ್ವಲ್ಪ ಹೊತ್ತು ಯಾರೂ ಕೈ ಬಿಡಲಿಲ್ಲ.

*

ಗೆರೆ ಎಳೆದರು, ಅವಳ ಅರ್ಧವನ್ನು ತಿರುಗಿಸಿದರು, ನಡುವಿನ ಎರಡು ಬಿಂದುಗಳನ್ನು ಒಂದು ಮಾಡಿದರು, ಕೆಸರಿಗೆ ಕೆಸರಿನ ಬಣ್ಣ ಕೊಟ್ಟರು. ನರ್ತಾಯ್‌ನ ರಜೆ ಮುಗಿದಿತ್ತು. ಅಳತೆಯ ಹಡಗು ಕಾಯುತ್ತಿತ್ತು. ಹೊರಡುವ ದಿನ ಅವಳು ಅವನಿಗೆ ಅರ್ಧ ಪಿಯಾಲೆ ಚಹಾ ಕೊಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಅರ್ಧ ಅಂದ್ರೆ ಏನರ್ಥ?"

"ಅರ್ಧ ಅಂದ್ರೆ ಅರ್ಧ. ಹಾಲು ಕಡಿಮೆ ಇತ್ತು," ಎಂದಳು.

"ಹಾಲು ಬೇಕಾದಷ್ಟಿದೆ," ಎಂದು ಬಲ್‌ಜಾನ್ ಒಳಗಿನಿಂದ ಕೂಗಿದಳು.

ಅವನು ಹೋದ. ನಕ್ಷೆ ಮಾತ್ರ ಬದಲಾಗಲಿಲ್ಲ. ದಿನಗಳು ಕಳೆದರೂ ಹಳೆಯ ನೀಲಿ ಹಿತ್ತಲಿನಲ್ಲೇ ಇತ್ತು. ಕೇಳಿ ತಿಳಿದಳು: ಜಗತ್ತಿನ ತೀರಗಳನ್ನೆಲ್ಲ ಯಂತ್ರವೊಂದು ಒಟ್ಟಿಗೆ ಜೋಡಿಸುತ್ತದೆ. ಆ ದಿನ ಊರು ಮುಳುಗಿದ ಮೇಲೆ ಅದಕ್ಕೊಂದು ಕಾವಲು ಹಾಕಿದ್ದಾರೆ: ಹಳೆಯದಕ್ಕೂ ಹೊಸದಕ್ಕೂ ತೀರಾ ದೊಡ್ಡ ಅಂತರ ಕಂಡರೆ ತಪ್ಪಿರಬೇಕು ಎಂದುಕೊಂಡು ನಿಂತುಬಿಡುತ್ತದೆ. ಮನುಷ್ಯರೊಬ್ಬರು ನೋಡಿ ಹೂಂ ಎನ್ನುವವರೆಗೂ ಹಳೆಯದನ್ನೇ ತೋರಿಸುತ್ತಿರುತ್ತದೆ. ಎಲ್ಲೋ ದೂರದ ದೇಶದ ಸ್ವಯಂಸೇವಕಿಯೊಬ್ಬಳು ಕೇಳಿದ್ದಳು: "ಕಡಲು ನಿಜಕ್ಕೂ ಇಷ್ಟು ದೂರ ಹೋಗಿದೆಯೇ? ಕಣ್ಣಾರೆ ಕಂಡವರು ಯಾರಾದರೂ ಇದ್ದೀರಾ?"

ನರ್ತಾಯ್‌ಗೆ ಸಂದೇಶ ಕಳಿಸಿದಳು. ಉತ್ತರವಿಲ್ಲ. ಫೋನ್ ಮಾಡಿದಳು, ಹತ್ತಲಿಲ್ಲ. ಹಡಗಿನಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಗೊತ್ತಿದ್ದರೂ ಹಳೆಯ ಭಯವೊಂದು ಎದೆಯೊಳಗೆ ಮಗ್ಗುಲು ಬದಲಿಸಿತು. ಇವನೂ 'ಎಲ್ಲ ಸರಿಯಾಗೇ ಇದೆ' ಎಂದು ಸುಮ್ಮನಾದನೇ? ರಕ್ಷಣಾ ದಳದ ಮುಖ್ಯಸ್ಥನಿಗೆ ಫೋನಿಸಿದರೆ ಅವನು ಆಕಳಿಸುತ್ತ, "ಅಕ್ಕಾ, ನಕ್ಷೇಲಿ ಏನಿದೆಯೋ ನಮಗೂ ಅದೇ. ಶುಕ್ರವಾರ ತುಂಬಿಸ್ಕೋತೀವಿ," ಎಂದ.

ಕುನ್‌ಸುಲು ಫೋನಿಟ್ಟು ಎದ್ದಳು. ಕಣ್ಣಾರೆ ಕಂಡವರು ಬೇಕಂತೆ. ಕಂಡವರು ಇರುವುದು ಇಲ್ಲಿಯೇ.

"ಅತ್ತಿಗೆ, ಸಮೋವಾರ್ ತಗೋ. ಕಡಲಿನ ತಳದಲ್ಲಿ ಚಹಾ ಕುಡಿಯೋಣ."

"ಹುಚ್ಚು ಹಿಡೀತಾ?"

"ಹೂಂ."

ಬಲ್‌ಜಾನ್ ಶಾಲು ಹೊದ್ದಳು. ನೆರೆಯ ಮುದುಕಿಯರಿಗೂ ಸುದ್ದಿ ತಲುಪಿ ಅವರೂ ಹೊರಟರು. ನಕ್ಷೆ ನಡುಗಡಲು ಎನ್ನುತ್ತಿದ್ದ ಜಾಗದಲ್ಲಿ, ಒಡೆದ ಬಿಳಿ ನೆಲದ ಮೇಲೆ ಕಂಬಳಿ ಹಾಸಿ, ಚಹಾಕ್ಕೆ ನೀರು ಕಾಯಿಸುವ ದೊಡ್ಡ ಹಿತ್ತಾಳೆಯ ಸಮೋವಾರ್ ಇಟ್ಟರು. ಅದರ ಪಕ್ಕ ಬಲ್‌ಜಾನ್ ಸೊಂಟದ ಮೇಲೆ ಕೈಯಿಟ್ಟು ರಾಣಿಯ ಹಾಗೆ ನಿಂತಳು, ಕುನ್‌ಸುಲು ಫೋನಿನಲ್ಲಿ ಚಿತ್ರ ತೆಗೆದಳು. ಆಮೇಲೆ ಕೆಸರಿನ ಅಂಚಿನಲ್ಲಿ ಕುವಾಂದಿಕ್ ತನ್ನ ಊರುಗೋಲನ್ನು ಊರಿ ತೋರಿಸಿದ, ಅದು ಹಿಡಿಯವರೆಗೆ ಇಳಿಯಿತು. ಕೊನೆಗೆ, ಅವಳ ಬೂಟು ಇನ್ನೂ ಹೂತಿದ್ದ ನಿಜವಾದ ನೀರಿನಂಚಿನಲ್ಲಿ ಕುನ್‌ಸುಲು ತಾನೇ ನಿಂತಳು. ಪ್ರತಿಯೊಂದು ಚಿತ್ರದ ಜೊತೆಗೂ ಜಾಗದ ಗುರುತಿತ್ತು. ಕೆಳಗೆ ಬರೆದಳು: "ಕಂಡವರು ಇವರು. ನಾನು ಇಲ್ಲಿ ಹುಟ್ಟಿದವಳು. ಇದು ತಪ್ಪಲ್ಲ. ಕಡಲು ಹೋಗಿದೆ."

ಕಳಿಸಿ ಸ್ವಲ್ಪ ಹೊತ್ತಿಗೆ ಅದರ ಕೆಳಗೆ ಇನ್ನೊಂದು ಸಾಲು ಮೂಡಿತು. ಬೂದು ಕೊಕ್ಕರೆ.

"ಹಡಗು ಈಗಷ್ಟೇ ಸಿಗ್ನಲ್ ಇರುವಲ್ಲಿಗೆ ಬಂತು. ಈಕೆಯ ಗೆರೆಯನ್ನು ಮೊದಲು ಅಳಿಸಿದವನು ನಾನು. ನೋಡದೆ ಅಳಿಸಿದ್ದೆ. ಆಮೇಲೆ ಹೋಗಿ ನೋಡಿದೆ. ಅರ್ಧ ಗೆರೆ ನಾನು ನಡೆದದ್ದು, ಅರ್ಧ ಆಕೆ. ಇದನ್ನು ನಂಬಿ."

ಅವಳು ಓದಿದಳು. ಕೊನೆಯ ಎರಡು ಶಬ್ದಗಳನ್ನು ಇನ್ನೊಮ್ಮೆ ಓದಿದಳು. ಬಲ್‌ಜಾನ್ ಹೆಗಲ ಮೇಲಿಂದ ಇಣುಕಿ, "ಇದು ನಕ್ಷೆ ಬಗ್ಗೇನಾ ಬರೆದಿರೋದು?" ಎಂದಳು.

"ನಕ್ಷೆ ಬಗ್ಗೇನೇ."

"ಹಾಗಾದ್ರೆ ನೀನ್ಯಾಕೆ ಅಳ್ತಿದೀಯ?"

ಗುರುವಾರ ಬೆಳಿಗ್ಗೆ ನೀಲಿ ಹಿಂದಕ್ಕೆ ಸರಿದಿತ್ತು. ಹಿತ್ತಲಿನಿಂದ ಎದ್ದು, ಕಂದು ಬಣ್ಣದ ಕೆಸರಿನ ಪಟ್ಟಿಯಾಚೆ, ತಾನು ಮಲಗಿದ್ದ ಜಾಗಕ್ಕೇ ಹೋಗಿ ಕೂತಿತ್ತು. ಕುನ್‌ಸುಲು ಮುಖ್ಯಸ್ಥನಿಗೆ ಮತ್ತೆ ಫೋನಿಸಿದಳು. ಅವನು ನಕ್ಷೆ ತುಂಬಿಸಿಕೊಂಡು, ಕೆಸರಿನ ಪಟ್ಟಿ ಕಾಣುತ್ತಿದೆ ಎಂದು ಬಾಯಿಬಿಟ್ಟು ಹೇಳುವವರೆಗೂ ಇಡಲಿಲ್ಲ.

*

ನವೆಂಬರಿನಲ್ಲಿ ಉತ್ತರದ ಗಾಳಿ ಎದ್ದು ಕಡಲನ್ನು ಕಂಬಳಿಯ ಹಾಗೆ ಎಳೆದುಕೊಂಡಿತು. ಕೆಸರಿನ ಪಟ್ಟಿಯ ಮೇಲಿನ ತೆಳುನೀರಿನಲ್ಲಿ ಬರುತ್ತಿದ್ದ ಕುವಾಂದಿಕ್ ಮತ್ತು ಇನ್ನಿಬ್ಬರ ದೋಣಿ ನೆಲಕಚ್ಚಿತು. ಫೋನ್ ಬಂದಾಗ ದಳದ ಮುಖ್ಯಸ್ಥ ಪರದೆ ನೋಡಿದ, ಕಂದು ಬಣ್ಣ ಕಂಡ, ಶೆಡ್ಡಿನಿಂದ ಸರಪಳಿ ಚಕ್ರದ ಗಾಡಿ ತೆಗೆಸಿದ. ಬೆಳಕಿರುವಾಗಲೇ ಮೂವರೂ ಊರಿಗೆ ಬಂದರು.

ಕುವಾಂದಿಕ್ ಬಾಗಿಲಲ್ಲೇ ಬೂಟು ಕಿತ್ತು ಎಡಪಾದ ಮುಂದೆ ಚಾಚಿದ. "ಉಳಿದ ಬೆರಳೆಲ್ಲ ಇವೆಯಾ ನೋಡೇ ನರ್ಸಮ್ಮ."

ಅವಳು ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆಚ್ಚಗಿತ್ತು.

ಗಾಳಿ ಕಡಿಮೆಯಾದ ಮೇಲೆ ಒಂದು ಮಧ್ಯಾಹ್ನ ನರ್ತಾಯ್ ಬಂದ. ಅದೇ ಬೂದು ಜಾಕೆಟ್ಟು, ಕೈಯಲ್ಲಿ ಅವಳ ಕೆಸರು ತೊಳೆದ ಬೂಟು. ಊರಿಗೆ ಬರುವ ಮೊದಲೇ ತೀರಕ್ಕೆ ಹೋಗಿ ಅಗೆದು ತಂದಿದ್ದ. ಮನೆಯವರೆಲ್ಲ ಏನೇನೋ ಕೆಲಸ ನೆನಪಿಸಿಕೊಂಡು ಒಳಗೆ ಹೋದರು. ಕುನ್‌ಸುಲು ಪಿಯಾಲೆಯ ತಳ ಮುಚ್ಚುವಷ್ಟೇ ಚಹಾ ಹಾಕಿ ಅವನ ಮುಂದಿಟ್ಟಳು.

ಅವನು ನೋಡಿದ. ತುಂಬ ಹೊತ್ತು ನೋಡಿದ.

"ಇಷ್ಟೇನಾ?"

"ಮುಗಿದ ಮೇಲೆ ಮತ್ತೆ ಹಾಕ್ತೀನಿ."

"ಅದು ಮುಗಿದ ಮೇಲೆ?"

"ಮತ್ತೆ."

ಅವನು ಜೇಬಿನಿಂದ ಒಂದು ಪುಟ್ಟ ಬಟ್ಟೆಯ ಗಂಟು ತೆಗೆದು ಬಿಚ್ಚಿದ. ಒಳಗೆ ಒಂದು ಜೊತೆ ಬೆಳ್ಳಿಯ ಓಲೆ. "ಅಮ್ಮ ಕೊಟ್ಟಿದ್ದು. ತಾನೇ ಬಂದು ಹಾಕ್ತೀನಿ ಅಂತ ಹಟ ಹಿಡಿದಿದ್ಲು. ಮೊದಲು ನಾನು ಕೇಳ್ಬೇಕು ಅಂದೆ."

ಕುನ್‌ಸುಲು ಓಲೆಗಳನ್ನು ಮುಟ್ಟಲಿಲ್ಲ. "ಸೊಸೆ ಅಂತ ಗೊತ್ತುಮಾಡಿ ಓಲೆ ಹಾಕೋದು ಮದುವೆಯಾಗದ ಹುಡುಗೀರಿಗೆ. ನಾನು ಒಂದ್ಸಲ ಹಾಕಿಸ್ಕೊಂಡು ತೆಗೆದವಳು. ಊರು ಏನನ್ನುತ್ತೆ?"

"ಹಳೇ ಗೆರೆ ಅಲ್ಲಿದೆ ಅಂತ ಕಡಲು ಅಲ್ಲೇ ಇರಬೇಕಾ?"

ಅವಳು ಅವನನ್ನು ನೇರವಾಗಿ ನೋಡಿದಳು. "ನಾನು ಶಾಗಲಾ ಬಿಟ್ಟು ಬರಲ್ಲ. ಕಡಲು ಮುಂದಿನ ವರ್ಷ ಇನ್ನೂ ದೂರ ಹೋಗುತ್ತೆ. ಆಮೇಲೂ ಹೋಗುತ್ತೆ. ಪ್ರತಿ ವರ್ಷ ಯಾರಾದ್ರೂ ನಡೆದು ಗೆರೆ ಎಳೀಬೇಕು. ಅದು ನಾನೇ."

"ಗೊತ್ತು. ಉತ್ತರದ ಕರಾವಳಿಯ ಅಳತೆ ನನಗೆ ಕೊಡಿ ಅಂತ ಕೇಳಿ ತಗೊಂಡಿದೀನಿ. ತಿಂಗಳಲ್ಲಿ ಅರ್ಧ ಹಡಗಲ್ಲಿ, ಅರ್ಧ ಇಲ್ಲಿ." ಅವನು ಪಿಯಾಲೆಯ ತಳದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಅವಳ ಕಡೆ ಚಾಚಿದ. "ನೀನು ಆ ಕಡೆಯಿಂದ ಬರ್ತೀಯ. ಈ ಕಡೆಯಿಂದ ಒಬ್ಬರು ನಡೀಬೇಕಲ್ಲ."

ಅವಳು ಬಲಗಡೆಯ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ಒಂದು ಓಲೆಯನ್ನು ತಾನೇ ಎತ್ತಿ ಹಾಕಿಕೊಂಡಳು. ಇನ್ನೊಂದನ್ನು ಅವನ ಅಂಗೈಯಲ್ಲೇ ಬಿಟ್ಟು ಬೆರಳು ಮಡಚಿಸಿದಳು. "ಇದನ್ನ ನಿಮ್ಮಮ್ಮನೇ ಬಂದು ಹಾಕ್ಲಿ. ಹಟ ಹಿಡಿದವರನ್ನ ಕಂಡ್ರೆ ನನಗಿಷ್ಟ."

ಅಷ್ಟರಲ್ಲಿ ಇನ್ನು ತಡೆಯಲಾರದೆ ಬಲ್‌ಜಾನ್ ಕೆಟಲ್ ಹಿಡಿದುಕೊಂಡೇ ಹೊರಗೆ ಬಂದಳು. ಅವನ ಕೈಯಲ್ಲಿ ಖಾಲಿ ಪಿಯಾಲೆ ಕಂಡು, ಸಂತೋಷಕ್ಕೆ ಕೈ ಮರೆತು, ಅಂಚಿನವರೆಗೂ ಸುರಿಯಲು ಹೊರಟಳು.

ಕುನ್‌ಸುಲು ಅವಳ ಮಣಿಕಟ್ಟು ಹಿಡಿದಳು.

"ತುಂಬಿಸಬೇಡ ಅತ್ತಿಗೆ," ಎಂದಳು. "ಇವನು ಹೋಗೋನಲ್ಲ."